ನಾನು ಹೊಡೆದುಹಾಕಿದ ಒಂದು ‘ವಿತ್’

ಹೈದರಾಬಾದ್ ಸಂಸ್ಥಾನವನ್ನು ಭಾರತಕ್ಕೆ ಸೇರಿಸಿದ ಪೊಲೀಸ್ ಆಕ್ಷನ್ ಮುಗಿದು ಚಳಿಗಾಲ ಕಾಲಿಡುವ ಹೊತ್ತಿಗೆ ನನ್ನನ್ನು ಶಾಲೆಯಿಂದ ಎತ್ತಿ ಕಚೇರಿಯಲ್ಲಿ ಕೂರಿಸಿದರು. ಆಗ ಬೀದರಿನಲ್ಲಿ ಇಂಗ್ಲಿಷ್ ಕಲಿಸುವ ಮಾಸ್ತರುಗಳು ಬೆರಳೆಣಿಕೆಯಷ್ಟು. ಅವರಲ್ಲಿ ಕನ್ನಡ, ಉರ್ದು, ಮರಾಠಿ ಮೂರನ್ನೂ ಬಲ್ಲವನು ನಾನೊಬ್ಬನೇ ಎಂದು ಯಾರೋ ಮೇಲಿನವರ ಕಿವಿಗೆ ಹಾಕಿದ್ದರಂತೆ. ಯಾರೋ ಏನು, ನಾನೇ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ.

ನಿಜಾಮರ ಕಾಲದ ಕಡತಗಳೆಲ್ಲ ಉರ್ದುವಿನಲ್ಲಿದ್ದವು. ಹೊಸದಾಗಿ ಬಂದ ಅಧಿಕಾರಿ ಮದ್ರಾಸಿನ ಕಡೆಯವರು, ಅವರಿಗೆ ತಮಿಳು ಮತ್ತು ಇಂಗ್ಲಿಷ್ ಬಿಟ್ಟು ಬೇರೇನೂ ಬಾರದು. ನಿಜಾಮರ ಪರ ಬಂದೂಕು ಹಿಡಿದು ಊರೂರು ದೋಚಿದ ರಜಾಕಾರರಿಗೆ ನೆರವಾದರೆಂಬ ದೂರಿನ ಮೇಲೆ ಹಳ್ಳಿಹಳ್ಳಿಗಳಿಂದ ಹಿಡಿದು ತಂದವರು ಜೈಲಿನಲ್ಲಿ ತುಂಬಿದ್ದರು. ನಿಜವಾಗಿ ಬಂದೂಕು ಹಿಡಿದವರೂ ಇದ್ದರು, ಹಳೆಯ ಹಗೆಗೆ ಸಿಕ್ಕಿಬಿದ್ದವರೂ ಇದ್ದರು. ನಮ್ಮ ಶಾಲೆಯ ಫಾರ್ಸಿ ಮೌಲವಿ ಸಾಹೇಬರ ಮನೆಗೆ ಬೀಗ ಬಿದ್ದಿತ್ತು. ಅವರು ಎಲ್ಲಿ ಹೋದರು, ಇದ್ದಾರೋ ಇಲ್ಲವೋ ಎಂದು ಯಾರೂ ಬಾಯಿಬಿಟ್ಟು ಕೇಳುತ್ತಿರಲಿಲ್ಲ. ಹತ್ತು ವರ್ಷ ಅವರ ಪಕ್ಕದ ಕುರ್ಚಿಯಲ್ಲಿ ಕೂತ ನಾನೂ ಕೇಳಲಿಲ್ಲ.

ಜೈಲಿನಲ್ಲಿದ್ದವರಲ್ಲಿ ಯಾರನ್ನು ಬಿಡಬೇಕು, ಯಾರನ್ನು ಇಡಬೇಕು ಎಂದು ನೋಡಲು ಒಂದು ಸಮಿತಿ ಇತ್ತು, ಹದಿನೈದು ದಿನಕ್ಕೊಮ್ಮೆ ಕೂಡುತ್ತಿತ್ತು. ಸಮಿತಿಯವರು ಕೈದಿಯ ಮುಖ ನೋಡುತ್ತಿರಲಿಲ್ಲ. ಅವನು ಕೊಟ್ಟ ಹೇಳಿಕೆಯನ್ನು, ನಮ್ಮ ಕಡೆ ಬಯಾನು ಅನ್ನುತ್ತೇವಲ್ಲ, ಅದರ ಇಂಗ್ಲಿಷ್ ತರ್ಜುಮೆಯನ್ನು ಓದುತ್ತಿದ್ದರು. ಆ ತರ್ಜುಮೆ ನನ್ನ ಕೆಲಸ.

ಬೆಳಿಗ್ಗೆ ಜೈಲಿನ ಕೋಣೆಯೊಂದರಲ್ಲಿ ಕೂರುತ್ತಿದ್ದೆವು. ಕೈದಿ ತನ್ನ ಮಾತಿನಲ್ಲಿ ಹೇಳಬೇಕು. ನಾನು ವಾಕ್ಯಕ್ಕೊಮ್ಮೆ ಅವನನ್ನು ತಡೆದು ಇಂಗ್ಲಿಷಿನಲ್ಲಿ ಹೇಳಬೇಕು. ಟೈಪಿಸ್ಟ್ ಅದನ್ನು ಬಡಿಯಬೇಕು. ಒಬ್ಬನಿಗೆ ಒಂದೇ ಪುಟ. ಪುಟದ ತಲೆಗೆ ಇಡೀ ಬಯಾನಿನ ಸಾರ ಒಂದು ಸಾಲಿನಲ್ಲಿರಬೇಕು, ಏಕೆಂದರೆ ಓದುವವರಿಗೆ ಪುರುಸೊತ್ತಿಲ್ಲ. ಮಧ್ಯಾಹ್ನ ಕಚೇರಿಗೆ ಬಂದು ಕರಡನ್ನು ನಾನು ಕೆಂಪು ಶಾಯಿಯಲ್ಲಿ ತಿದ್ದಿ ಸಹಿ ಹಾಕುತ್ತಿದ್ದೆ. ಆಮೇಲೆ ನಡುವೆ ಕಾರ್ಬನ್ ಇಟ್ಟು ಮೂರು ಶುದ್ಧಪ್ರತಿ. ಮರುದಿನ ಕೈದಿಗೆ ಅದನ್ನು ಅವನ ಮಾತಿನಲ್ಲೇ ಓದಿ ಹೇಳಿ ಹೆಬ್ಬೆಟ್ಟು ಒತ್ತಿಸಿದರೆ ಮುಗಿಯಿತು.

ಟೈಪಿಸ್ಟ್ ಮಿಷನ್ ಆಸ್ಪತ್ರೆಯ ನರ್ಸಮ್ಮನ ಮಗಳು. ಇಪ್ಪತ್ತರ ಆಸುಪಾಸು, ಮಾತು ಕಡಿಮೆ. ಪರದೇಶದ ಡಾಕ್ಟರಮ್ಮನವರ ಅಂಗಳದಲ್ಲಿ ಆಡಿ ಬೆಳೆದವಳಾದ್ದರಿಂದ ಇಂಗ್ಲಿಷ್ ಅವಳ ಕಿವಿಯಲ್ಲಿ ಕೂತಿತ್ತು. ವ್ಯಾಕರಣ ಕೇಳಿದರೆ ಒಂದಕ್ಷರ ಬಾರದು. ಅದಕ್ಕೇ ನಾನು ಅವಳನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ನನ್ನ ಇಂಗ್ಲಿಷೆಲ್ಲ ಕಪ್ಪುಹಲಗೆಯ ಇಂಗ್ಲಿಷು. ಹದಿನಾಲ್ಕು ವರ್ಷ ಮಕ್ಕಳಿಗೆ ಒಂದು ಪಟ್ಟಿ ಬರೆಸಿ ಬಾಯಿಪಾಠ ಮಾಡಿಸಿದ್ದೆ. ಇನ್ ಅಂದರೆ ಒಳಗ, ಆನ್ ಅಂದರೆ ಮ್ಯಾಲ, ಅಪ್ ಅಂದರೆ ಮ್ಯಾಲಕ್ಕ, ವಿತ್ ಅಂದರೆ ಜೋಡಿ, ಸೋ ದ್ಯಾಟ್ ಅಂದರೆ ಅಂತ. ಒಂದು ಪದಕ್ಕೆ ಒಂದೇ ಅರ್ಥ. ಇಂಥ ಎರಡು ಸಣ್ಣ ಪದ ಒಂದು ಕ್ರಿಯಾಪದದ ಬಾಲಕ್ಕೆ ಒಟ್ಟಿಗೆ ಅಂಟಿಕೊಂಡು ಬಂದರೆ ಒಂದನ್ನು ಕಿತ್ತುಹಾಕಿ, ಅದು ಹಳ್ಳಿ ಇಂಗ್ಲಿಷ್ ಎಂದು ಗದರುತ್ತಿದ್ದೆ. ಅವು ಕೂಡಿದಾಗ ಮೂರನೆಯದೇ ಒಂದು ಅರ್ಥ ಹುಟ್ಟುತ್ತದೆ ಎಂದು ನನಗೂ ಯಾರೂ ಹೇಳಿರಲಿಲ್ಲ.

ಕೆಲಸ ಶುರುವಾದ ಮೊದಲ ವಾರದಲ್ಲೇ ಆ ಪಟ್ಟಿ ಕೈಕೊಟ್ಟಿತು. ಬಗದಲ್ ಕಡೆಯ ರೈತನೊಬ್ಬ, “ಸುಡ್ತಾರಂತ ಜ್ವಾಳ ಎಲ್ಲ ಮನಿ ಹೊರಗ ಒಯ್ದಿಟ್ಟೆರಿ” ಎಂದ. ಅಂತ ಅಂದರೆ ಸೋ ದ್ಯಾಟ್. ನಾನು ಹಾಗೇ ಹೇಳಿದೆ. ಟೈಪಿಸ್ಟಳ ಬೆರಳು ನಿಂತವು.

“ಸರ್, ಹಂಗ ಬರದ್ರ ಅವ್ರು ಸುಡ್ಲಿ ಅಂತನ ಹೊರಗ ಇಟ್ಟಂಗ ಆಗ್ತದ್ರಿ.”

“ಮತ್ತ ಹ್ಯಾಂಗ ಬರೀಬೇಕಂತಿ?”

“‘ಫಾರ್ ಫಿಯರ್ ದ್ಯಾಟ್’ ಅಂತಾರ್ರಿ. ಸುಟ್ಟಾರು ಅನ್ನೋ ಅಂಜಿಕಿಲೆ.”

ಅವಳು ಹೇಳಿದ್ದು ಸರಿ ಎಂದು ನನಗೆ ತಕ್ಷಣ ಗೊತ್ತಾಯಿತು. ನನಗೆ ಸಿಟ್ಟು ಬಂದದ್ದೂ ಅದಕ್ಕೇ. ಒಬ್ಬ ಕೈದಿಯ ಎದುರು, ಬಾಗಿಲಲ್ಲಿ ನಿಂತ ಪಹರೆಯವನ ಎದುರು, ನನ್ನ ಮಗಳ ವಯಸ್ಸಿನ ಹುಡುಗಿ ನನ್ನನ್ನು ತಿದ್ದಿದ್ದಳು. “ಆಯ್ತು, ಬಡಿ” ಎಂದೆ. ಆ ದಿನ ಸಂಜೆಯವರೆಗೂ ಅವಳ ಜೊತೆ ಮಾತಾಡಲಿಲ್ಲ. ಎಂಥ ದೊಡ್ಡಸ್ತಿಕೆ ನೋಡಿ!

ಮೆಹಕರದ ಕಡೆಯ ಸಣ್ಣ ಹಳ್ಳಿಯೊಂದರ ಕುರಿಗಾರ ನಮ್ಮೆದುರು ಕೂತದ್ದು ಅದಾದ ನಾಲ್ಕೈದು ದಿನಕ್ಕೆ. ಐವತ್ತು ದಾಟಿದ ಆಳು, ಹೆಗಲ ಮೇಲೆ ಕರಿ ಕಂಬಳಿ. ಉಳಿದವರೆಲ್ಲ ಬಂದ ಕೂಡಲೇ ಅತ್ತು ಕರೆದು ಕಾಲಿಗೆ ಬೀಳುತ್ತಿದ್ದರು. ಈತ ಗೋಡೆಗೊರಗಿ ಕೂತು, ಕೇಳಿದ್ದಕ್ಕೆ ಮಾತ್ರ ಉತ್ತರ ಹೇಳಿದ.

“ರಜಾಕಾರರು ನಿನ್ನ ಮನ್ಯಾಗ ಇದ್ದರಂತ ಖರೇ ಏನು?”

“ಖರೇರಿ. ಬಂದ್ರು. ಕುರಿ ದಡ್ಡಿ ಬಾಜೂಕ ಪಡಸಾಲಿ ಅದ, ಅದ್ರಾಗ ಇಳಕೊಂಡ್ರು.”

“ಆಮ್ಯಾಲ?”

“ದಿನಾ ಒಂದು ಕುರಿ ಹೋಯ್ತು. ಮೂರ್ ತಿಂಗಳ ತಾಳ್ಕೊಂಡ್ವಿ. ಏನ್ ಮಾಡೋದ್ರಿ? ತಾಳ್ಕೊಂಡ್ವಿ.”

ಹೊಡೆದರೇ, ಬಡಿದರೇ ಎಂದು ಕೇಳಿದೆ. ಅವನು ಕಂಬಳಿಯನ್ನು ಹೆಗಲ ಮೇಲೆ ಸರಿಮಾಡಿಕೊಂಡು, “ಅದೆಲ್ಲ ಯಾಕ್ರಿ ಈಗ?” ಎಂದ. ಹೇಳಲು ನಾಚಿಕೆ ಎಂದು ಆಮೇಲೆ ಅವನ ಊರಿನಲ್ಲಿ ತಿಳಿಯಿತು. ನಾನು ಒತ್ತಿ ಕೇಳಬೇಕಿತ್ತು. ಹೊರಗೆ ಇನ್ನೂ ಆರು ಮಂದಿ ಕಾಯುತ್ತಿದ್ದರು.

ಪುಟದ ತಲೆಗೆ ಸಾರದ ಸಾಲು ಹಾಕಬೇಕಲ್ಲ. ತಾಳಿಕೊಂಡೆವು ಅನ್ನುವುದಕ್ಕೆ ಒಂದು ಇಂಗ್ಲಿಷ್ ಪದ ನನ್ನ ನಾಲಿಗೆಯ ತುದಿಯಲ್ಲಿದ್ದೂ ಹೊರಗೆ ಬರಲಿಲ್ಲ. ನಾನು ತಡವರಿಸುತ್ತಿದ್ದಂತೆ ಟೈಪಿಸ್ಟ್ ಮೆಲ್ಲಗೆ, “‘ಪುಟ್ ಅಪ್ ವಿತ್’ ಹಾಕ್ಲೇನ್ರಿ ಸರ್?” ಎಂದಳು. ಹಾಕು ಎಂದೆ. ರಜಾಕಾರರನ್ನು ನಾವು ಮೂರು ತಿಂಗಳು ‘ಪುಟ್ ಅಪ್ ವಿತ್’ ಮಾಡಿದೆವು ಎಂದು ಸಾಲು ಕೂತಿತು.

ಮಧ್ಯಾಹ್ನ ಅವಳು ಬುತ್ತಿ ಬಿಚ್ಚಲು ಹೊರಗೆ ಹೋದಾಗ ನಾನು ಕೆಂಪು ಶಾಯಿಯ ಲೇಖನಿ ಹಿಡಿದು ಕರಡಿನ ಮುಂದೆ ಕೂತೆ. ಆ ಸಾಲು ಕಣ್ಣಿಗೆ ಚುಚ್ಚಿತು. ಅಪ್, ಅದರ ಬೆನ್ನಿಗೇ ವಿತ್. ಎರಡು ಬಾಲ. ಅದಕ್ಕಿಂತ ಹೆಚ್ಚಾಗಿ, ವಿತ್ ಅಂದರೆ ಜೋಡಿ. ರಜಾಕಾರರ ಜೋಡಿ! ಸಮಿತಿಯವರು ಇದನ್ನು ಓದಿದರೆ ಈ ಮುದುಕ ಅವರ ಜೋಡಿ ಇದ್ದ, ಅವರ ಜೋಡಿ ಉಂಡ ಎಂದು ತಿಳಿಯುತ್ತಾರೆ. ನನಗೆ ಅವನ ಮೇಲೆ ಕನಿಕರವಿತ್ತು, ದೇವರಾಣೆಗೂ ಇತ್ತು. ಅವನನ್ನು ಉಳಿಸುತ್ತಿದ್ದೇನೆ ಎಂದುಕೊಂಡೇ ಆ ವಿತ್ ಮೇಲೆ ಗೆರೆ ಎಳೆದು ಪಕ್ಕದಲ್ಲಿ ಸಹಿ ಹಾಕಿದೆ.

ಊಟ ಮುಗಿಸಿ ಬಂದ ಟೈಪಿಸ್ಟ್ ಕರಡನ್ನು ನೋಡಿ ನಿಂತಲ್ಲೇ ನಿಂತಳು.

“ಸರ್, ಆ ವಿತ್ ಇರ್ಲಿರಿ. ಅದು ಹೋದ್ರ ಅರ್ಥ ಬ್ಯಾರೆ ಆಗ್ತದ.”

“ಏನಾಗ್ತದ? ಹೇಳು.”

“ಹ್ಯಾಂಗ ಹೇಳ್ಲಿರಿ… ಡಾಕ್ಟರಮ್ಮ ಹಂಗ ಅನ್ನಂಗಿಲ್ರಿ.”

“ಡಾಕ್ಟರಮ್ಮ ಅನ್ನೋದು ಬ್ಯಾರೆ, ಗ್ರಾಮರ್ ಬ್ಯಾರೆ. ಹದಿನಾಲ್ಕ್ ವರ್ಷ ಕಲ್ಸೀನಿ ನಾ. ಆ ಬಡಪಾಯಿನ್ನ ರಜಾಕಾರರ ಜೋಡಿ ಕೂಡ್ಸಿ ಜೇಲಿನಾಗ ಕೊಳಸಬೇಕಂತ ಮಾಡಿಯೇನು? ಬಡಿ ಸುಮ್ನ!”

ಪಕ್ಕದ ಕೋಣೆಯವರೂ ಇಣುಕಿ ನೋಡಿದರು. ಅವಳು ತಲೆ ತಗ್ಗಿಸಿ ಕಾರ್ಬನ್ ಜೋಡಿಸಿದಳು. ಮರುದಿನ ಶುದ್ಧಪ್ರತಿಯನ್ನು ಕುರಿಗಾರನಿಗೆ ಓದಿ ಹೇಳುವಾಗ ನಾನು, ‘ಮೂರು ತಿಂಗಳು ತಾಳಿಕೊಂಡೆವು’ ಎಂದೇ ಓದಿದೆ, ನನ್ನ ತಲೆಯಲ್ಲಿ ಇದ್ದದ್ದು ಅದೇ. ಅವನು ಹೌದೆಂದು ತಲೆಯಾಡಿಸಿ ಹೆಬ್ಬೆಟ್ಟು ಒತ್ತಿದ.

ಅವನ ಹೆಂಡತಿ ಬರಬರುತ್ತ ನಮ್ಮ ಕಚೇರಿಯ ಮೆಟ್ಟಿಲಿಗೆ ಪರಿಚಿತಳಾದಳು. ಊರಿಂದ ಭಾಲ್ಕಿಯವರೆಗೆ ನಡೆದು, ಅಲ್ಲಿಂದ ರೈಲು ಹಿಡಿದು, ವಾರಕ್ಕೊಮ್ಮೆ ಬರುವಳು. ಜೋಳದ ರೊಟ್ಟಿ, ಅಗಸಿ ಹಿಂಡಿಯ ಗಂಟನ್ನು ಜೈಲಿನ ಬಾಗಿಲಲ್ಲಿ ಕೊಟ್ಟು ಬಂದು ನಮ್ಮ ಮೆಟ್ಟಿಲ ಮೇಲೆ ಕೂರುವಳು. ಕೂತಲ್ಲೇ ಕದಿರು ತೆಗೆದು ಉಣ್ಣೆ ನೂಲುತ್ತಿದ್ದಳು. ನನ್ನನ್ನು ಕಂಡಾಗ ಎದ್ದು ನಿಂತು, “ಕಾಗದ ಬಂತೇನ್ರಿ ಮಾಸ್ತರ್?” ಎಂದು ಕೇಳುವುದು, ನಾನು ಇಲ್ಲವೆಂದರೆ, “ಬರ್ತದ ಬಿಡ್ರಿ, ಅವ್ರೇನ್ ತಪ್ಪ್ ಮಾಡ್ಯಾರ” ಎಂದು ಮತ್ತೆ ಕೂರುವುದು, ಇಷ್ಟೇ ನಮ್ಮಿಬ್ಬರ ಮಾತು.

ಕಾಗದ ಬಂದ ದಿನ ಅವಳ ಜೊತೆ ಊರಿನ ಹಿರಿಯನೊಬ್ಬನೂ ಬಂದಿದ್ದ. ನಾನು ಇಬ್ಬರ ಎದುರು ಸಮಿತಿಯ ಹುಕುಮನ್ನು ಬಿಡಿಸಿ ಕನ್ನಡದಲ್ಲಿ ಓದಿದೆ. ರಜಾಕಾರರಿಗೆ ಮೂರು ತಿಂಗಳು ತನ್ನ ಮನೆಯಲ್ಲಿ ಆಶ್ರಯ ಕೊಟ್ಟಿದ್ದನ್ನು, ದಿನವೂ ಅವರಿಗಾಗಿ ಕುರಿ ಕಡಿಸಿದ್ದನ್ನು ಕೈದಿ ತಾನೇ ಒಪ್ಪಿಕೊಂಡಿದ್ದಾನೆ, ಬಿಡುಗಡೆ ಇಲ್ಲ.

ಅವಳ ಕದಿರು ಕೈಯಿಂದ ಜಾರಿ ಮೆಟ್ಟಿಲಿಳಿದು ಉರುಳಿತು. “ಆ ಮಾತ ಅವ್ರ ಬಾಯಾಗ ಬರಂಗಿಲ್ರಿ ಮಾಸ್ತರ್. ಇನ್ನೊಮ್ಮಿ ಓದ್ರಿ.”

ಇನ್ನೊಮ್ಮೆ ಓದಿದೆ. ಅವನು ನನ್ನ ಮುಂದೆ ಹಾಗೆ ಹೇಳಿರಲಿಲ್ಲ ಎಂದು ನನಗೆ ಗೊತ್ತಿತ್ತು. ಆದರೆ ಹುಕುಮಿನಲ್ಲಿ ‘ಪುಟ್ ಅಪ್’ ಎಂಬ ಮಾತೇ ಇರಲಿಲ್ಲ, ಬೇರೆ ದೊಡ್ಡ ಪದವಿತ್ತು. ಅದು ನನ್ನ ಪುಟದಿಂದಲೇ ಹೊರಟದ್ದು ಎಂದು ಹೇಗೆ ಹೊಳೆಯಬೇಕು? “ನನ್ನ ಮುಂದ ಅಂದಿಲ್ಲವ್ವಾ. ಬ್ಯಾರೆ ಯಾರ ಮುಂದರ ಒಪ್ಪಿಕೊಂಡಿರಬೇಕು” ಎಂದುಬಿಟ್ಟೆ. ಈ ನಾಲಿಗೆಗೆ ಹುಳ ಬೀಳಲಿ! ಪಕ್ಕದಲ್ಲಿ ನಿಂತ ಹಿರಿಯ ಅವಳ ಮುಖವನ್ನೊಮ್ಮೆ ನೋಡಿ, ಒಂದು ಹೆಜ್ಜೆ ದೂರ ಸರಿದ. ಸ್ಟೇಶನ್ನಿಗೆ ಹೋಗುವಾಗ ಅವನು ಮುಂದೆ ಮುಂದೆ ಒಬ್ಬನೇ ನಡೆದು ಹೋದ, ಅವಳು ಹಿಂದೆ ಒಬ್ಬಳೇ ಹೋದಳು.

ಆಮೇಲೆ ಅವಳು ಎರಡು ಸಲ ಬಂದಳು. ಎರಡನೆಯ ಸಲ ಕಾಗದದ ಮಾತು ಕೇಳಲಿಲ್ಲ. “ಊರಾಗ ಬಾವಿಗಿ ಬರಬ್ಯಾಡ ಅಂದಾರ್ರಿ. ರಜಾಕಾರರ ಮನಿಯಾಕಿ ಅಂತಾರ. ಅವ್ರು ಖರೇನ ಹಂಗಂದಾರೇನು, ಅಷ್ಟ ಹೇಳ್ರಿ ನಂಗ” ಎಂದಳು. ಜೈಲಿನಲ್ಲಿ ಗಂಡನನ್ನು ನೋಡಲು ಅವಳನ್ನು ಬಿಡುತ್ತಿರಲಿಲ್ಲ, ಗಂಟು ಮಾತ್ರ ಒಳಗೆ ಹೋಗುತ್ತಿತ್ತು. ನಾನು ಕೇಳಿ ಹೇಳುತ್ತೇನೆ ಎಂದೆ. ಕೇಳಲಿಲ್ಲ. ಮರುದಿನವೇ ಔರಾದಿಗೆ ಹೊರಡಬೇಕಿತ್ತು.

ಅಲ್ಲಿ ತಾಲೂಕಿನವರ ಬಯಾನು ತೆಗೆದುಕೊಳ್ಳುವುದಿತ್ತು. ಅಧಿಕಾರಿಯೂ ನಾನೂ ಜೀಪಿನಲ್ಲಿ ಹೋಗಿ ಇಳಿದರೆ ಸರ್ಕಾರಿ ಬಂಗಲೆಯ ಮಾಡು ಕುಸಿದು ಬಿದ್ದಿತ್ತು. ಅಧಿಕಾರಿ ನನ್ನ ಕಡೆ ತಿರುಗಿ, ತಹಶೀಲ್ದಾರರು ನಮ್ಮನ್ನು ಎರಡು ದಿನ ‘ಪುಟ್ ಅಪ್’ ಮಾಡುತ್ತಾರೇನು ಕೇಳಿ ಎಂದರು. ನಾನು ಪಿಳಿಪಿಳಿ ಕಣ್ಣು ಬಿಟ್ಟೆ. ತಹಶೀಲ್ದಾರರು ನಮ್ಮನ್ನು ತಾಳಿಕೊಳ್ಳುತ್ತಾರೇನು? ಇದೆಂಥ ಪ್ರಶ್ನೆ, ಇವರಿಬ್ಬರಿಗೆ ಏನಾದರೂ ಜಗಳವೇ ಎಂದು ಯೋಚಿಸುತ್ತ ನಿಂತೆ. ಅವರು ಬೇಸರದಿಂದ, ಮಲಗಲು ಜಾಗ, ಎರಡು ಹೊತ್ತು ಊಟ, ಅಷ್ಟೇ ಕೇಳಿ ಎಂದು ಬಿಡಿಸಿ ಹೇಳಿದರು. ತಹಶೀಲ್ದಾರರು ತಮ್ಮ ಮನೆಯ ಎರಡು ಕೋಣೆ ಬಿಟ್ಟುಕೊಟ್ಟರು.

ನನಗೆ ಆಗಲೂ ಪೂರ್ತಿ ಹೊಳೆಯಲಿಲ್ಲ, ಎಲ್ಲೋ ಒಂದು ಮುಳ್ಳು ಆಡಿದಂತಾಯಿತು ಅಷ್ಟೇ. ಮಧ್ಯಾಹ್ನ ಊಟಕ್ಕೆ ಕೂತಾಗ ನೊಣವೋ ನೊಣ. ಅಧಿಕಾರಿ ಕೈ ಬೀಸಿ ಬೀಸಿ ಸಾಕಾಗಿ, ಈ ನೊಣಗಳನ್ನು ‘ಪುಟ್ ಅಪ್ ವಿತ್’ ಮಾಡಲು ನನ್ನಿಂದಾಗದು ಎಂದು ಗೊಣಗಿದರು. ಕೈಯಲ್ಲಿದ್ದ ರೊಟ್ಟಿಯ ತುಂಡು ತಾಟಿಗೆ ಬಿತ್ತು.

“ಸರ್, ಬೆಳಿಗ್ಗೆ ನೀವು ಅಂದದ್ದರಲ್ಲಿ ವಿತ್ ಇರಲಿಲ್ಲ. ಈಗ ಇದೆ. ಎರಡೂ ಬೇರೆಯೇ?” ಎಂದು ಇಂಗ್ಲಿಷಿನಲ್ಲಿ ಕೇಳಿದೆ.

ಅವರಿಗೆ ನಗು ಬಂತು. ಒಂದರಲ್ಲಿ ನೀನೇ ಅವನನ್ನು ಮನೆಯೊಳಗೆ ಕರೆದು ಇಳಿಸಿಕೊಳ್ಳುತ್ತೀ, ಇನ್ನೊಂದರಲ್ಲಿ ಅವನು ತೊಲಗಿದರೆ ಸಾಕೆಂದು ಹಲ್ಲು ಕಚ್ಚಿಕೊಂಡು ಇರುತ್ತೀ, ಇಷ್ಟೂ ಗೊತ್ತಿಲ್ಲವೇ ಮೇಷ್ಟ್ರೇ ಎಂದರು. ತಹಶೀಲ್ದಾರರೂ ನಕ್ಕರು. ನಾನು ಎದ್ದು ಹೊರಗೆ ಹೋಗಿ ಗೋಡೆ ಹಿಡಿದು ನಿಂತೆ.

ಬೀದರಿಗೆ ಮರಳಿದ ಕೂಡಲೇ ಟೈಪಿಸ್ಟಳ ಮೇಜಿನ ಹತ್ತಿರ ಹೋಗಿ ಆ ಕರಡು ಕೇಳಿದೆ. ಕರಡುಗಳನ್ನು ತಿಂಗಳಿಗೊಮ್ಮೆ ಸುಟ್ಟುಬಿಡುವುದು ಪದ್ಧತಿ. ಅವಳು ಏನೂ ಕೇಳದೆ ಡ್ರಾವರಿನ ತಳದಿಂದ ಒಂದೇ ಹಾಳೆ ತೆಗೆದು ಮುಂದಿಟ್ಟಳು. ಕೆಂಪು ಗೆರೆ, ಪಕ್ಕದಲ್ಲಿ ನನ್ನ ಚಂದದ ಸಹಿ.

“ಇದೊಂದ ಯಾಕ ಇಟ್ಟಿದ್ದೆವ್ವಾ?”

“ಮನಸ್ಸಿಗಿ ಸಮ ಅನಸಲಿಲ್ರಿ ಸರ್.”

“ಅವತ್ತ ಇನ್ನಷ್ಟು ಗಟ್ಟಿಯಾಗಿ ಹೇಳ್ಬಾರದೇನು?”

“ಬೈತೀರಂತ ಸುಮ್ಕಾದೆರಿ.”

ಬೈತೀರಂತ. ಫಾರ್ ಫಿಯರ್ ದ್ಯಾಟ್. ಅವಳ ಕಣ್ಣು ತುಂಬಿದ್ದವು. ನನ್ನವೂ.

ಆ ಹಾಳೆ ಹಿಡಿದು ಕುರ್ಚಿಯಲ್ಲಿ ಕೂತಾಗ ನನ್ನ ತಲೆಯಲ್ಲಿ ಏನೆಲ್ಲ ಓಡಿತು ಎಂಬುದನ್ನು ಮುಚ್ಚಿಡುವುದಿಲ್ಲ. ಇದನ್ನು ಸುಟ್ಟರೆ ಶುದ್ಧಪ್ರತಿ ಮಾತ್ರ ಉಳಿಯುತ್ತದೆ. ಟೈಪು ಮಾಡುವಾಗ ಒಂದು ಪದ ಬಿಟ್ಟುಹೋಯಿತು ಎಂದು ಚೀಟಿ ಬರೆದರೆ ಕೆಲಸ ಆಗುತ್ತದೆ. ಮುದುಕ ಹೊರಗೆ ಬರುತ್ತಾನೆ, ನನ್ನ ಮರ್ಯಾದೆಯೂ ಉಳಿಯುತ್ತದೆ, ಹುಡುಗಿಗೆ ಒಂದು ಬೈಗುಳ ಬೀಳುತ್ತದೆ ಅಥವಾ ಕೆಲಸ ಹೋಗುತ್ತದೆ. ಕೈದಿಯ ಬಯಾನನ್ನು ಬೇಕೆಂದೇ ತಿದ್ದಿದ ಎಂದಾದರೆ ನನ್ನನ್ನೇ ಒಳಗೆ ಹಾಕಬಹುದಾದ ಕಾಲ ಅದು. ಹೆದರಿಕೆ ಆಯಿತು. ಒಂದು ಗಳಿಗೆ ಚೀಟಿ ಬರೆಯಲು ಕಾಗದವನ್ನೂ ಎಳೆದುಕೊಂಡೆ.

ಎದುರಿಗೆ ಅವಳು ರಿಬ್ಬನ್ ಸುತ್ತುತ್ತಿದ್ದಳು. ಅವಳ ಮೇಲೆ ಇದನ್ನು ಹಾಕಿದರೆ ಅವಳು ಎದುರಾಡುವುದಿಲ್ಲ, ಅದನ್ನೂ ತಾಳಿಕೊಳ್ಳುತ್ತಾಳೆ ಎಂದು ನನಗೆ ಗೊತ್ತಿತ್ತು. ಆ ಮಾತು ಮನಸ್ಸಿಗೆ ಬಂದದ್ದೇ ನನಗೆ ನನ್ನ ಮೇಲೆ ಹೇಸಿಗೆಯಾಯಿತು. ನಡೆದದ್ದನ್ನು ನಡೆದಂತೆ ಬರೆದೆ. ಪದ ತೆಗೆದವನು ನಾನು, ತೆಗೆಯಬೇಡಿ ಎಂದವಳು ಟೈಪಿಸ್ಟ್, ಅವಳನ್ನು ಗದರಿದವನೂ ನಾನು. ಕರಡನ್ನು ಅದಕ್ಕೆ ಪಿನ್ನು ಚುಚ್ಚಿ ಅಧಿಕಾರಿಯ ಮುಂದಿಟ್ಟೆ.

ಅವರು ಎರಡು ಸಲ ಓದಿದರು. ಔರಾದಿನ ನಗು ಎಲ್ಲೂ ಇರಲಿಲ್ಲ. ಇನ್ನೆಷ್ಟು ಬಯಾನುಗಳಲ್ಲಿ ಹೀಗೆ ಕೈಯಾಡಿಸಿದ್ದೀರಿ ಎಂದು ಕೇಳಿದರು. ಗೊತ್ತಿಲ್ಲ ಎಂದೆ, ಅದೇ ನಿಜ. ನನ್ನ ಎಲ್ಲ ತರ್ಜುಮೆಗಳನ್ನೂ ಮತ್ತೆ ನೋಡಬೇಕೆಂದು ಅಪ್ಪಣೆಯಾಯಿತು. ಇಂಗ್ಲಿಷನ್ನು ಟೈಪಿಸ್ಟ್ ಓದಬೇಕು, ನಾನು ಪಕ್ಕದಲ್ಲಿ ಕೂತು ಅವಳು ಕೇಳಿದ್ದಕ್ಕೆ ಕನ್ನಡ ಹೇಳಬೇಕು. ಒಂಬತ್ತು ದಿನ ಹಾಗೆ ಕೂತೆವು. ಅವಳು ಒಂದು ದಿನವೂ ದನಿ ಏರಿಸಲಿಲ್ಲ. ಅದು ಮುಗಿದ ಮೇಲೆ ನಾನು ಶಾಲೆಗೆ ಮರಳಬೇಕೆಂದು ಕಾಗದ ತಯಾರಾಗಿತ್ತು. ಅದಕ್ಕಿಂತ ಹೆಚ್ಚಿನ ಶಿಕ್ಷೆ ಆಗಲಿಲ್ಲ, ಏಕೆ ಆಗಲಿಲ್ಲವೋ ತಿಳಿಯದು.

ಕುರಿಗಾರನ ಕಡತ ಮಾತ್ರ ಸಲೀಸಾಗಿ ತಿರುಗಿ ಬರಲಿಲ್ಲ. ಒಮ್ಮೆ ಆದ ಹುಕುಮನ್ನು ಒಂದು ಪದದ ಮೇಲೆ ಬದಲಿಸಲಾಗದು, ಊರಿನವರ ಬಯಾನು ಬೇಕು ಎಂದು ಸಮಿತಿ ಬರೆಯಿತು. ಕೊನೆಯ ಕೆಲಸವೆಂದು ನಾನೇ ಕೇಳಿಕೊಂಡು ಹೊರಟೆ. ಭಾಲ್ಕಿಯಲ್ಲಿ ರೈಲಿಳಿದು ನಡೆದೆ. ಎರಡೂ ಕಡೆ ಜೋಳ ತೆನೆ ಕಟ್ಟಿತ್ತು. ದಾರಿಯುದ್ದಕ್ಕೂ ಅವಳಿಗೆ ಏನು ಹೇಳಬೇಕೆಂದು ಬಾಯಿಪಾಠ ಮಾಡಿಕೊಂಡೆ. ‘ಅವ್ರು ಹಂಗ ಅಂದಿಲ್ಲವ್ವಾ. ತಪ್ಪು ನಂದು.’ ಇಷ್ಟೇ ಮಾತು. ಇದನ್ನು ಕೇಳಲೆಂದೇ ಅವಳು ಅಷ್ಟು ದೂರ ನಡೆದು ಬರುತ್ತಿದ್ದಳಲ್ಲ.

ಕುರಿ ದಡ್ಡಿ ಖಾಲಿಯಿತ್ತು. ಪಡಸಾಲೆಯ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿತ್ತು. ಅಂದು ಅವಳ ಜೊತೆ ಬಂದಿದ್ದ ಹಿರಿಯ ನನ್ನನ್ನು ಗುರುತು ಹಿಡಿದು ಕಟ್ಟೆಯಿಂದ ಎದ್ದು ಬಂದ.

“ಆಕಿ ಎಲ್ಲಿ?” ಎಂದೆ.

“ಹ್ವಾದ್ಳರಿ. ಎಂಟ್ ದಿನ ಆಯ್ತು.”

“ಎಲ್ಲಿಗಿ?”

ಅವನು ತಲೆಯ ರುಮಾಲು ಬಿಚ್ಚಿ ಕೈಯಲ್ಲಿ ಹಿಡಿದ. ನನಗೆ ಆಗ ಅರ್ಥವಾಯಿತು.

“ವಾಂತಿ, ಭೇದಿರಿ. ಬಾವಿಗಿ ಬರಬ್ಯಾಡ ಅಂದಿದ್ವಿ, ಹಳ್ಳದ ನೀರು ಕುಡಿತಿದ್ಳು. ಎರಡ ದಿನದಾಗ ಮುಗೀತು.” ಅವನು ನೆಲ ನೋಡುತ್ತ ಹೇಳಿದ. “ಅವನ ಬಾಯಿಲೆ ಒಪ್ಪ್ಯಾನಂತ ನೀವ ಓದಿದ್ರಲ್ರಿ. ಓದಿದ್ದು ಸುಳ್ಳಿರ್ತದಂತ ನಮಗೇನ್ ಗೊತ್ತು?”

ಅಲ್ಲೇ ಕಟ್ಟೆಯ ಮೇಲೆ ಕೂತು ಬಯಾನು ಬರೆದುಕೊಂಡೆ. ಹನ್ನೊಂದು ಮಂದಿ ಬಂದರು. ಬಂದೂಕಿನ ಹಿಂಬದಿಯಿಂದ ಕುರಿಗಾರನನ್ನು ಅವನ ಹೆಂಡತಿಯ ಎದುರಿಗೇ ಹೊಡೆದದ್ದನ್ನು, ಅವನು ಮಾತಿಲ್ಲದೆ ಎದ್ದು ಹೋಗಿ ಕುರಿಗೆ ಮೇವು ಹಾಕಿದ್ದನ್ನು ಅವರೆಲ್ಲ ಕಣ್ಣಾರೆ ಕಂಡಿದ್ದರು. ಹೇಳಿ ಮುಗಿಸುವಾಗ ಒಬ್ಬೊಬ್ಬರೂ, “ತಾಳ್ಕೊಂಡ್ರು ಪಾಪ” ಎಂದರು. ಒಬ್ಬೊಬ್ಬರೂ ಹೆಬ್ಬೆಟ್ಟು ಒತ್ತಿದರು. ಈ ಸಲ ತರ್ಜುಮೆ ಟೈಪಿಸ್ಟಳದೇ. ನಾನು ಒಂದಕ್ಷರ ಮುಟ್ಟಲಿಲ್ಲ.

ಬಿಡುಗಡೆಯ ಹುಕುಮು ಬರುವ ಹೊತ್ತಿಗೆ ನಾನು ಶಾಲೆಯಲ್ಲಿದ್ದೆ. ಟೈಪಿಸ್ಟ್ ಹೇಳಿಕಳಿಸಿದಳು. ಹಲಗೆಯ ಮೇಲೆ ನನ್ನ ಹಳೆಯ ಪಟ್ಟಿ ಇತ್ತು, ನಾನಿಲ್ಲದಾಗ ಬಂದ ಮಾಸ್ತರರೂ ಅದನ್ನೇ ಬರೆಸುತ್ತಿದ್ದರು. ಅಳಿಸಲು ಕೈ ಬರಲಿಲ್ಲ. ರಜೆ ಹಾಕಿ ಜೈಲಿನ ಬಾಗಿಲಿಗೆ ಹೋದೆ, ಏಕೆಂದರೆ ಅವನನ್ನು ಕರೆದೊಯ್ಯಲು ಬರಬೇಕಾದವಳು ಬರುವುದಿಲ್ಲ ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

ಅವನು ಹೊರಗೆ ಬಂದು ಬಿಸಿಲಿಗೆ ಕಣ್ಣು ಕಿರಿದು ಮಾಡಿ ಅತ್ತಿತ್ತ ನೋಡಿದ. ಹೆಗಲ ಮೇಲೆ ಅದೇ ಕಂಬಳಿ, ಒಳಗಿನ ಮೈ ಮಾತ್ರ ಅರ್ಧವಾಗಿತ್ತು. ನನ್ನನ್ನು ಕಂಡು ಕೈ ಮುಗಿದ. “ಮಾಸ್ತರ್, ನಮ್ಮಾಕಿ ಬಂದಿಲ್ಲೇನ್ರಿ? ಎರಡ ತಿಂಗಳಾತು, ಬುತ್ತೀನೂ ಬಂದಿಲ್ಲ.”

ಬೇವಿನ ಮರದ ಕೆಳಗೆ ಅವನನ್ನು ಕೂರಿಸಿ ಹೇಳಿದೆ. ಹಳ್ಳದ ನೀರು, ಬಾವಿ, ಹಿರಿಯ, ಹುಕುಮು, ಎಲ್ಲವನ್ನೂ ಕೊನೆಯಿಂದ ಮೊದಲಿಗೆ ಹೇಳುತ್ತ ಹೇಳುತ್ತ ಕೊನೆಗೆ ನನ್ನ ಕೆಂಪು ಶಾಯಿಗೆ ಬಂದು ನಿಂತೆ. ನಾನು ಅತ್ತೆ, ಅವನು ಅಳಲಿಲ್ಲ. ಬಹಳ ಹೊತ್ತು ಕಂಬಳಿಯ ಅಂಚನ್ನು ಬೆರಳಲ್ಲಿ ಹಿಡಿದು ನೋಡುತ್ತ ಕೂತಿದ್ದ. ಅದು ಅವಳು ನೂತ ಉಣ್ಣೆ ಇರಬೇಕು.

“ನಾ ಅಂದಿದ್ದು ಆಕಿಗಿ ಗೊತ್ತಾತೇನ್ರಿ? ತಾಳ್ಕೊಂಡ್ವಿ ಅಂತ ಅಂದಿದ್ದು?”

“ಇಲ್ಲ. ನಾ ಹೋಗೂದ್ರಾಗ…” ಎಂದೆ.

ಅವನು ತಲೆಯಾಡಿಸಿದ. ಆಮೇಲೆ ಮೆಲ್ಲಗೆ ಕೇಳಿದ. “ತಗದೆ ಅಂದ್ರಲ್ಲ, ಅದೇನ್ ದೊಡ್ಡ ಮಾತಿತ್ತೇನ್ರಿ?”

“ದೊಡ್ಡದಲ್ಲಪ್ಪಾ, ಸಣ್ಣ ಮಾತು. ವಿತ್ ಅಂತ.”

“ಹಂಗಂದ್ರ?”

ಹದಿನಾಲ್ಕು ವರ್ಷ ಮಕ್ಕಳಿಗೆ ಬಾಯಿಪಾಠ ಮಾಡಿಸಿದ ಉತ್ತರ. ಅದು ನಾಲಿಗೆಯ ಮೇಲೆ ತಾನಾಗಿ ಬಂದುಬಿಟ್ಟಿತು.

“ಜೋಡಿ.”

ಅವನು ನನ್ನ ಮುಖವನ್ನು ದಿಟ್ಟಿಸಿ ನೋಡಿದ. ಆ ನೋಟದಲ್ಲಿ ಸಿಟ್ಟೂ ಇರಲಿಲ್ಲ. ಕಂಬಳಿ ಕೊಡವಿ ಎದ್ದು ಹೆಗಲಿಗೆ ಹಾಕಿಕೊಂಡ.

“ಹೌದ್ರಿ ಮಾಸ್ತರ್” ಎಂದ. “ಜೋಡೀನ ತಗದ್ರಿ ನೀವು.”

ಸ್ಟೇಶನ್ನಿನ ಕಡೆಗೆ ಒಬ್ಬನೇ ನಡೆದು ಹೋದ.